ಅತ್ತೆ ಬಿದ್ದರೆ ಒನ್ಸ್‌ಮೋರ್

ಕನ್ನಡ ನಾಡಿನಲ್ಲಿ ಅತಿ ಹೆಚ್ಚು ಸಲ ಸೆಗಣಿಯಲ್ಲಿ ಬಿದ್ದ ಹೆಂಗಸು ಯಾರೆಂದು ಕೇಳಿದರೆ ನಾನು ಕಣ್ಣು ಮುಚ್ಚಿ ಹೇಳುತ್ತೇನೆ: ನಮ್ಮತ್ತೆ! ಅವಮಾನ ಮಾಡಲಿಕ್ಕೆ ಹೇಳುತ್ತಿಲ್ಲ, ಅವಳೇ ತನ್ನನ್ನು ಹೀಗೆ ಪರಿಚಯಿಸಿಕೊಳ್ಳುವುದು. ಸೆಗಣಿ, ಕೆಸರು, ಇಡ್ಲಿ ಹಿಟ್ಟಿನ ಪಾತ್ರೆ, ಮದುವೆ ಮನೆಯ ಪಾಯಸದ ಕೊಪ್ಪರಿಗೆ, ಸುಣ್ಣದ ಡ್ರಮ್ಮು, ಎಮ್ಮೆಯ ಬೆನ್ನು, ಖಳನಾಯಕನ ಬೆನ್ನು. ಒಬ್ಬ ಮನುಷ್ಯ ಎಲ್ಲೆಲ್ಲಿ ಬೀಳಬಹುದೋ ಅಲ್ಲೆಲ್ಲ ಅವಳು ಬಿದ್ದಿದ್ದಾಳೆ. ನೀವೂ ನೋಡಿರುತ್ತೀರಿ. ಹೆಸರು ಹೇಳಿದರೆ "ಯಾರು?" ಎನ್ನುತ್ತೀರಿ. "ಅದೇ ಆ ದಪ್ಪ ಹೆಂಗಸು, ಹೀರೋನ ಸ್ಕೂಟರ್ ಹಿಂದೆ ಪೊರಕೆ ಹಿಡಿದು ಓಡ್ತಾಳಲ್ಲ, ಆಮೇಲೆ ಎಮ್ಮೆ ಮೇಲೆ..." ಎಂದರೆ ಮಾತು ಮುಗಿಯುವುದರೊಳಗೆ "ಓ, ಅವರಾ!" ಎಂದು ನಗಲು ಶುರು ಮಾಡುತ್ತೀರಿ. ಈಗ ನಕ್ಕಿರಿ ತಾನೇ? ಹಾಂ! ಅತ್ತೆಯ ಕಷ್ಟವೇ ಇದು. ನಾನು ಹೇಳಹೊರಟಿದ್ದೂ ಇದನ್ನೇ.

ಅತ್ತೆ ನಮ್ಮಪ್ಪನ ತಂಗಿ. ಹೊಸಪೇಟೆಯ ಕಾಲುವೆ ದಂಡೆಯ ಓಣಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಎರಡು ಕೋಣೆ ಅವಳದು. ಮದುವೆಯಾಗಲಿಲ್ಲ. "ಕನ್ಯಾ ನೋಡಾಕ ಬಂದೋರೆಲ್ಲ ನಕ್ಕೊಂತ ಎದ್ದು ಹೋದ್ರು, ನಾನೇನ್ ಮಾಡ್ಲಿ?" ಎನ್ನುತ್ತಾಳೆ. ಶೂಟಿಂಗ್ ಇದ್ದರೆ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ಬೀಳುವುದು, ವಾಪಸ್ ಬರುವುದು. ಅಲ್ಲೇ ಮನೆ ಮಾಡು ಎಂದು ಎಲ್ಲರೂ ಹೇಳಿ ಹೇಳಿ ಸಾಕಾದರು.

"ಅಲ್ಲಿ ಒಗ್ಗರಣಿ ಮಂಡಕ್ಕಿ ಸಿಗಂಗಿಲ್ಲಲೇ. ಅಷ್ಟು ದೂರ ಹೋಗಿ ಬಿದ್ದ ಮ್ಯಾಲೆ ತಿನ್ನಾಕ ಏನರ ಬೇಕಲ್ಲ?"

ಅವಳ ಕಲಾಸೇವೆ ಶುರುವಾದದ್ದು ಕಂಪ್ಲಿಯಲ್ಲಿ ಕ್ಯಾಂಪ್ ಹಾಕಿದ್ದ ಒಂದು ನಾಟಕ ಕಂಪನಿಯಲ್ಲಿ. ಅದೂ, ನೀವು ನಂಬುವುದಿಲ್ಲ, ಅಳುವ ಪಾತ್ರದಿಂದ! ಗಂಡ ಬಿಟ್ಟ ತಂಗಿಯ ಪಾತ್ರ. ಮೂರನೇ ಅಂಕದಲ್ಲಿ ಓಡಿ ಬಂದು ಅಣ್ಣನ ಕಾಲು ಹಿಡಿದು ಗೋಳೋ ಎಂದು ಅಳಬೇಕು. ಅತ್ತೆಗೆ ಆಗ ಹತ್ತೊಂಬತ್ತು. ಹದಿನೈದು ದಿನ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಅಳುವುದನ್ನು ಪ್ರಾಕ್ಟೀಸ್ ಮಾಡಿದ್ದಳಂತೆ. ಕಬ್ಬು ಕಡಿಯುವ ಹೆಂಗಸರು ಬಂದು "ಯಾರವ್ವಾ ಹೋಗ್ಯಾರ?" ಎಂದು ಕೇಳಿ, ತಾವೂ ಕೂತು ಒಂದಿಷ್ಟು ಅತ್ತು ಹೋಗುತ್ತಿದ್ದರಂತೆ. ಅಷ್ಟು ಚೆನ್ನಾಗಿ ಅಳುತ್ತಿದ್ದಳು.

ಮೊದಲ ಪ್ರಯೋಗದ ದಿನ ಮೂರನೇ ಅಂಕ ಬಂತು. ಅತ್ತೆ ಓಡಿ ಬಂದಳು. ಸೀರೆ ಕಾಲಿಗೆ ತೊಡರಿತು. ಅಣ್ಣನ ಕಾಲಿಗೆ ಬೀಳಬೇಕಾದವಳು ಅಣ್ಣನನ್ನೇ ಕೆಡವಿಕೊಂಡು, ಹಿಂದಿನ ಅರಮನೆ ಪರದೆಯನ್ನು ಹರಿದುಕೊಂಡು, ಪರದೆಯ ಆಚೆ ಬೀಡಿ ಸೇದುತ್ತ ಕೂತಿದ್ದ ಖಳನಾಯಕನ ತೊಡೆಯ ಮೇಲೆ ಹೋಗಿ ಕೂತಳು!

ನಮ್ಮ ಕಡೆ ನಾಟಕದಲ್ಲಿ ಹಾಡು ಹಿಡಿಸಿದರೆ ಜನ "ಒನ್ಸ್‌ಮೋರ್" ಎಂದು ಕೂಗುತ್ತಾರೆ. ಕೂಗಿದ ಮೇಲೆ ಮುಗಿಯಿತು, ಇನ್ನೊಮ್ಮೆ ಹಾಡಲೇಬೇಕು. ವಿಷ ಕುಡಿದು ಸತ್ತ ರಾಜ ಎದ್ದು ಕೂತು ಹಾಡಿ ಮತ್ತೆ ಸತ್ತದ್ದೂ ಉಂಟು. ಆದರೆ ಬಿದ್ದದ್ದಕ್ಕೆ ಒನ್ಸ್‌ಮೋರ್ ಬಂದದ್ದು ಅದೇ ಮೊದಲು. ಜನ ಕುರ್ಚಿಯ ಮೇಲೆ ನಿಂತು ಕೂಗಿದರು. ಕಂಪನಿ ಮಾಲೀಕರು ಪಕ್ಕದ ಪರದೆಯ ಮರೆಯಿಂದ ಕೈ ಮುಗಿದರು: "ಬೀಳವ್ವಾ ತಾಯಿ, ಇನ್ನೊಂದ್ ಸಲ ಬೀಳು!"

ಅತ್ತೆ ಬಿದ್ದಳು. ಮತ್ತೆ ಒನ್ಸ್‌ಮೋರ್. ಮತ್ತೆ ಬಿದ್ದಳು. ಅಣ್ಣನ ಪಾತ್ರದವನು ಸೊಂಟ ಹಿಡಿದುಕೊಂಡು ಉಳಿದ ನಾಟಕವನ್ನೆಲ್ಲ ಗೋಡೆಗೆ ಒರಗಿ ಮುಗಿಸಿದನಂತೆ. ಮರುದಿನವೇ ಬೋರ್ಡಿನಲ್ಲಿ ಅತ್ತೆಯ ಹೆಸರಿನ ಹಿಂದೆ "ಹಾಸ್ಯಸುಂದರಿ" ಸೇರಿತು. ಅಳುವ ಪಾತ್ರ ಬೇರೊಬ್ಬಳಿಗೆ ಹೋಯಿತು. ಆವತ್ತು ಹೋದದ್ದು ಆಮೇಲೆ ಎಂದೂ ಸಿಗಲಿಲ್ಲ.

ಸಿನಿಮಾಕ್ಕೆ ಸೇರಿದ್ದೂ ಬಿದ್ದೇ. ಹಂಪಿಯಲ್ಲಿ ಯಾವುದೋ ಸಿನಿಮಾ ಶೂಟಿಂಗ್. ತೆಪ್ಪದಿಂದ ಹೊಳೆಗೆ ಬೀಳುವ ಹೆಂಗಸು ಬೇಕಾಗಿತ್ತು. ಬೆಂಗಳೂರಿನಿಂದ ಬಂದಾಕೆ ನೀರು ನೋಡಿದವಳೇ ಜ್ವರ ಎಂದು ಮಲಗಿದ್ದಳು. ಯಾರೋ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದರು. ಬೆಳಗಿನಿಂದ ಕಾಯಿಸಿ, ಊಟ ಕೊಡದೆ, ಮಧ್ಯಾಹ್ನ ತೆಪ್ಪ ಹತ್ತಿಸಿದರು. ಅತ್ತೆ ಹಸಿವು ತಾಳಲಾರದೆ ಒಂದು ಮೆಣಸಿನಕಾಯಿ ಬಜ್ಜಿ ಕೈಯಲ್ಲಿ ಹಿಡಿದೇ ಹತ್ತಿದಳು. ಆಕ್ಷನ್ ಎಂದರು. ಬಿದ್ದಳು. ಇಡೀ ಅತ್ತೆ ಮುಳುಗಿದಳು, ಬಜ್ಜಿ ಹಿಡಿದ ಕೈಯೊಂದು ನೀರಿನ ಮೇಲೆ ಉಳಿಯಿತು. ಮೇಲೆ ಬಂದವಳೇ ಮೊದಲು ಬಜ್ಜಿ ಕಚ್ಚಿದಳು, ಆಮೇಲೆ "ಕಾಪಾಡ್ರಿ!" ಎಂದಳು. ಯೂನಿಟ್ಟಿಗೆ ಯೂನಿಟ್ಟೇ ಬಂಡೆಗಳ ಮೇಲೆ ಉರುಳಾಡಿ ನಕ್ಕಿತು. ನಿರ್ದೇಶಕರು "ಎಂಥಾ ಟೈಮಿಂಗ್!" ಎಂದು ಕೈ ಹಿಡಿದು ಮೇಲೆತ್ತಿದರು.

"ಟೈಮಿಂಗೂ ಇಲ್ಲ, ಏನೂ ಇಲ್ಲಲೇ. ಹೊಟ್ಟಿ ಹಸ್ದಿತ್ತು," ಎಂದು ಅತ್ತೆ ನನಗೆ ಹೇಳಿದ್ದಾಳೆ.

ಅಲ್ಲಿಂದ ಶುರುವಾಯಿತು ನೋಡಿ! ಬಾಡಿಗೆ ಮನೆಯ ಜಗಳಗಂಟಿ ಓನರ್, ಇಂಜೆಕ್ಷನ್ ಹಿಡಿದು ಓಡಿಸಿಕೊಂಡು ಬರುವ ನರ್ಸು, ಹಾಸ್ಟೆಲ್ ವಾರ್ಡನ್, ಹೀರೋಯಿನ್ನಿನ ಹೊಟ್ಟೆಬಾಕ ಚಿಕ್ಕಮ್ಮ. ಎಲ್ಲ ಸಿನಿಮಾದಲ್ಲೂ ಅವಳಿಗೆ ಮೂರು ದೃಶ್ಯ. ಮೊದಲನೆಯದರಲ್ಲಿ ಬೈಯುವುದು, ಎರಡನೆಯದರಲ್ಲಿ ಬೀಳುವುದು, ಮೂರನೆಯದರಲ್ಲಿ ಮದುವೆ ಮಂಟಪದ ಹಿಂದೆ ಬ್ಯಾಂಡೇಜ್ ಕಟ್ಟಿಕೊಂಡು ನಿಲ್ಲುವುದು. ಆಮೇಲೆ ಟಿವಿ ಬಂತು. ಒಂದು ಧಾರಾವಾಹಿಯಲ್ಲಿ ಪಕ್ಕದ ಮನೆಯಾಕೆ. ಅವಳ ಕೆಲಸ ಏನು? ನಾಯಕಿ ಅಳುತ್ತಿರುವಾಗಲೆಲ್ಲ ಬಟ್ಟಲು ಹಿಡಿದು ಬಂದು ಸಕ್ಕರೆ ಕೇಳುವುದು. ನಾಲ್ಕು ವರ್ಷ ಕೇಳಿದಳು! ನಾಯಕಿಗೆ ಎರಡು ಮದುವೆಯಾಯಿತು, ಒಮ್ಮೆ ನೆನಪಿನ ಶಕ್ತಿ ಹೋಗಿ ಬಂತು, ಅತ್ತೆಗೆ ಮಾತ್ರ ಸಕ್ಕರೆ ಸಾಲಲಿಲ್ಲ. ಹೊಸಪೇಟೆಯ ಬಜಾರಿನಲ್ಲಿ ಅವಳು ಉಪ್ಪು ಕೊಳ್ಳಲು ಹೋದರೂ ಕಿರಾಣಿ ಅಂಗಡಿಯವನು "ಸಕ್ರಿ ತೂಗ್ಲೇನ್ರಿ ಅಕ್ಕಾರ?" ಎಂದು ತಕ್ಕಡಿ ಎತ್ತುತ್ತಿದ್ದ. ಕಡೆಗೆ ಅವಳಿಗೆ ನಿಜವಾಗಿ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ರಿಪೋರ್ಟ್ ಓದಲಿಕ್ಕೆ ಆಗದೆ ಕನ್ನಡಕ ತೆಗೆದಿಟ್ಟು ನಕ್ಕರು.

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಸಿಪ್ಪೆ ತುಳಿದು ನಿಜವಾಗಿಯೂ ಬಿದ್ದಳು. ಕಾಲಿನ ಮೂಳೆ ಮುರಿದಿತ್ತು. ಸುತ್ತ ಸೇರಿದ ಜನ ಚಪ್ಪಾಳೆ ತಟ್ಟಿದರು. "ಅಯ್ಯೋ ಕಾಲು, ಅಯ್ಯೋ ಕಾಲು" ಎಂದು ಇವಳು ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಒಬ್ಬ ಸುತ್ತಲೂ ತಿರುಗಿ "ಕ್ಯಾಮೆರಾ ಎಲ್ಲಿಟ್ಟಾರ?" ಎಂದು ಹುಡುಕಿದ. ನಾನು ಆಟೋ ತರಲು ಓಡಿದವನು ಬರುವಷ್ಟರಲ್ಲಿ ಐದಾರು ಜನ ಅವಳ ಪಕ್ಕದಲ್ಲಿ ಕೂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅತ್ತೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಸೆಲ್ಫಿಯಲ್ಲಿ ಮುಖ ಕೆಟ್ಟರೆ ಮಾರ್ಕೆಟ್ ಕೆಡುತ್ತದಲ್ಲ!

ಇನ್ನು ಕಡ್ಡಿರಾಂಪುರದ ಕಥೆ. ಅಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರು ತೀರಿಕೊಂಡರು. ಮಾತಾಡಿಸಿಕೊಂಡು ಬರೋಣ ಎಂದು ಅತ್ತೆಯನ್ನು ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದಳು. ಒಳಗೆ ಮೂಲೆಯಲ್ಲಿ ಯಾವುದೋ ಮಗು ಕಿಸಕ್ ಎಂದಿತು. ಆ ಮಗುವನ್ನು ಗದರಿಸಲು ಹೋದ ಅಜ್ಜಿಯೇ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ! ಗಂಡನನ್ನು ಕಳೆದುಕೊಂಡ ಆ ತಾಯಿಯೂ ಮೊಣಕಾಲಿನ ಮೇಲೆ ತಲೆಯಿಟ್ಟು ಭುಜ ಕುಲುಕಿಸಿ ನಗತೊಡಗಿದಳು. ಹೊರಡುವಾಗ ಅವಳ ಮೈದುನ ಅತ್ತೆಗೆ ಕೈ ಮುಗಿದ.

"ನೀವು ಬಂದಿದ್ದು ಭಾಳ ಚಲೋ ಆತ್ರಿ. ಮೂರು ದಿನದಿಂದ ನಮ್ಮ ವೈನಿ ಬಾಯಿ ಬಿಟ್ಟಿರ್ಲಿಲ್ಲ."

ಬೈಕಿನಲ್ಲಿ ವಾಪಸ್ ಬರುವಾಗ ನಾನು ಈ ಪ್ರಸಂಗವನ್ನು ನೆನೆದು ನೆನೆದು ನಕ್ಕು ಎರಡು ಸಲ ಗಾಡಿಯನ್ನು ಬಾಳೆತೋಟಕ್ಕೆ ಇಳಿಸಿದೆ. ಹಿಂದೆ ಕೂತಿದ್ದ ಅತ್ತೆ ಮನೆ ಮುಂದೆ ಇಳಿದು, "ಸತ್ತಾತ ನನಗ ಅಣ್ಣ ಆಗ್ಬೇಕಿತ್ತಲೇ. ಸಣ್ಣಾಕಿದ್ದಾಗ ನನ್ನನ್ನ ಹೆಗಲ ಮ್ಯಾಲೆ ಹೊತ್ಕೊಂಡು ಹೊಳಿಗೆ ಕರ್ಕೊಂಡು ಹೋಗಾಂವ," ಎಂದಳು. ನಾನು ಆಗಲೂ ನಗುತ್ತಲೇ ಇದ್ದೆ. ನನಗೆ ಬುದ್ಧಿ ಇದ್ದಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನ ನಗುವಿನ ಬಗ್ಗೆ ಈಗ ಹೇಳಲೇಬೇಕು. ಹೇಳಲು ಮನಸ್ಸಿಲ್ಲ, ಆದರೆ ಅಪರಾಧಿ ಅದೇ.

ಓದಿನಲ್ಲಿ ನಾನು ಡಿಪ್ಲೊಮಾ ಎರಡನೇ ವರ್ಷದ ತನಕ ಹೋಗಿ, ದಾರಿ ತಪ್ಪಿದವನಂತೆ ವಾಪಸ್ ಬಂದವನು. ಸಂಡೂರಿನ ಗಣಿಯೊಂದರಲ್ಲಿ ಗೇಟಿನ ಬಳಿ ಲಾರಿ ನಂಬರ್ ಬರೆದುಕೊಳ್ಳುವ ಕೆಲಸ ಸಿಕ್ಕಿತ್ತು. ಒಂದು ದಿನ ನಮ್ಮ ಸಾಹೇಬರ ಜೀಪನ್ನೂ ಅದಿರಿನ ಲೋಡ್ ಎಂದು ಬರೆದು, ಅವರನ್ನು ತೂಕದ ಯಂತ್ರದ ಮೇಲೆ ಹತ್ತಿಸಿ, ಹೆಚ್ಚು ತೂಕ ಎಂದು ಅರ್ಧ ಗಂಟೆ ನಿಲ್ಲಿಸಿದ್ದಕ್ಕೆ ಅದೂ ಹೋಯಿತು. ನನಗೆ ದೇವರು ಕೊಟ್ಟ ಪ್ರತಿಭೆ ಒಂದೇ: ನಗು. ಸುಳ್ಳು ನಗು ಬರುವುದಿಲ್ಲ. ಬಂದರೆ ತಡೆಯಲಿಕ್ಕೆ ಬರುವುದಿಲ್ಲ. ಮೊದಲು ಮೂಗಿನಿಂದ ಸೀಟಿ, ಆಮೇಲೆ ಬಿಕ್ಕಳಿಕೆ, ತೀರಾ ಹೆಚ್ಚಾದರೆ ಮಂಚದಿಂದ ಕೆಳಗೆ.

ಅತ್ತೆ ಇದನ್ನು ನಾನು ಚಿಕ್ಕವನಿದ್ದಾಗಲೇ ಕಂಡುಹಿಡಿದಿದ್ದಳು. ಯಾವ ದೃಶ್ಯ ಸಿಕ್ಕರೂ ಮೊದಲು ನನ್ನನ್ನು ಮಂಚದ ಮೇಲೆ ಕೂರಿಸಿ ಮಾಡಿ ತೋರಿಸುವಳು. ಸೀಟಿ ಮಾತ್ರ ಬಂದರೆ ಮಾತು ಬದಲಾಗಬೇಕು. ಬಿಕ್ಕಳಿಕೆ ಬಂದರೆ ಪರವಾಗಿಲ್ಲ. ಮಂಚದಿಂದ ಬಿದ್ದರೆ ಶೂಟಿಂಗಿಗೆ ರೆಡಿ! ನಿರ್ದೇಶಕರು ಬೇಡವೆಂದರೂ ಕೇಳುತ್ತಿರಲಿಲ್ಲ. "ನಮ್ಮ ಹುಡುಗ ಮಂಚದಿಂದ ಬಿದ್ದಾನ್ರಿ, ಮಂದಿ ನಕ್ಕೇ ನಗ್ತಾರ," ಎನ್ನುವಳು. ಜನ ನಗುತ್ತಿದ್ದರು ಕೂಡ. ಇಪ್ಪತ್ತು ವರ್ಷದಲ್ಲಿ ನನ್ನ ನಗು ಒಮ್ಮೆಯೂ ತಪ್ಪಿರಲಿಲ್ಲ. ಬೇರೆ ಯಾವುದರಲ್ಲೂ ನಾನು ಹೀಗೆ ನೂರಕ್ಕೆ ನೂರು ತೆಗೆದದ್ದಿಲ್ಲ.

ಗಣಿ ಕೆಲಸ ಹೋದ ಮೇಲೆ ಅತ್ತೆ ನನ್ನನ್ನು ಮ್ಯಾನೇಜರ್ ಮಾಡಿಕೊಂಡಳು. ನಾನು ಕೂಲಿಂಗ್ ಗ್ಲಾಸ್ ಕೊಂಡೆ. ಮೊದಲ ದಿನವೇ ಒಬ್ಬ ನಿರ್ಮಾಪಕರಿಗೆ ಫೋನ್ ಮಾಡಿ, "ಮೇಡಂ ಕ್ಯಾರವಾನ್ ಇಲ್ಲದೆ ಬರಂಗಿಲ್ರಿ," ಎಂದು ಗತ್ತಿನಿಂದ ಹೇಳಿದೆ. ಅವರು ಒಪ್ಪಿಬಿಟ್ಟರು! ಹೋಗಿ ನೋಡಿದರೆ ಕಂಪ್ಲಿಯ ಕಬ್ಬಿನ ಟ್ರ್ಯಾಕ್ಟರ್ ಟ್ರಾಲಿ, ಮೇಲೆ ನೀಲಿ ಟಾರ್ಪಾಲು, ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕನ್ನಡಿ. ಮಧ್ಯಾಹ್ನ ಅತ್ತೆ ಒಳಗೆ ಸೀರೆ ಬದಲಾಯಿಸುತ್ತಿರುವಾಗ ಡ್ರೈವರ್ ಬಂದು, ವಿಷಯ ಗೊತ್ತಿಲ್ಲದೆ, ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ಕಬ್ಬು ತರಲು ಹೊರಟೇಬಿಟ್ಟ. ನಾನು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹಿಂದೆ ಓಡಿದೆ. ಎರಡು ಊರು ದಾಟಿದ ಮೇಲೆ ಟಾರ್ಪಾಲಿನಿಂದ ಅರ್ಧ ಮೇಕಪ್ಪಿನ ಮುಖವೊಂದು ಹೊರಬಂದು, "ಮ್ಯಾನೇಜರಾ, ಶಾಟ್ ಎಲ್ಲೈತಿ?" ಎಂದು ಕೇಳಿತು.

ವಾಟ್ಸಾಪಿನಲ್ಲಿ ತಿರುಗುವ ಅವಳ ಅಳುಮುಖದ ಸ್ಟಿಕರ್ ನಿಮಗೂ ಬಂದಿರಬಹುದು. ಬಾಯಿ ಅಗಲ ಮಾಡಿ, ಮೂಗು ಉಬ್ಬಿಸಿ, ಸುತ್ತ ನೀಲಿ ಹನಿಗಳು. ಅದನ್ನು ಮೊದಲು ಮಾಡಿದ ಮಹಾನುಭಾವ ಯಾರು? ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ, ಪ್ರಚಾರವಾಗಲಿ ಎಂದು ಮಾಡಿದೆ. ಕ್ರಿಕೆಟ್‌ನಲ್ಲಿ ಸೋತರೆ ಆ ಸ್ಟಿಕರ್, ಕರೆಂಟ್ ಹೋದರೆ ಆ ಸ್ಟಿಕರ್. ನಮ್ಮ ಕಡೆ ಯಾರೂ ಈಗ ತಾವೇ ಅಳುವುದಿಲ್ಲ, ಅತ್ತೆಯ ಮುಖ ಕಳಿಸುತ್ತಾರೆ.

ಹೀಗಿರುವಾಗ ಒಂದು ಮುಂಜಾನೆ ಆ ನಿರ್ದೇಶಕ ಬಂದ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು, ಚೋರನೂರಿನ ಹುಡುಗ, ಮೊದಲ ಸಿನಿಮಾ. ಚಹಾ ಕುಡಿಯುತ್ತ ಕಥೆ ಹೇಳಿದ. ಸಂಡೂರಿನ ಗಣಿ ಲಾರಿ ಓಡಿಸುವ ಹುಡುಗ, ಅವನ ತಾಯಿ. ಒಂದು ದಿನ ಲಾರಿ ಕಮರಿಗೆ ಉರುಳುತ್ತದೆ. ಪೊಲೀಸರು ಮಗನ ಊಟದ ಡಬ್ಬಿ ತಂದು ತಾಯಿಗೆ ತೋರಿಸಿ, "ಇದು ನಿಮ್ಮ ಹುಡುಗನದೇ ಏನವ್ವಾ?" ಎಂದು ಕೇಳುತ್ತಾರೆ.

"ಯಾರ ಮನಿಗೆ ಹೋಗಿ ಬೀಳ್ಬೇಕಪ್ಪ ನಾನು?" ಎಂದಳು ಅತ್ತೆ.

"ಬೀಳಾದು ಇಲ್ರಿ. ನೀವs ಆ ತಾಯಿ."

ಅತ್ತೆ ಕಪ್ಪು ಕೆಳಗಿಟ್ಟಳು. "ನನ್ನ ಗುರುತೈತೇನಪ್ಪ ನಿನಗ? ನಾನು ಸಕ್ರಿ ಕೇಳಾಕಿ."

"ಗೊತ್ರಿ. ನಮ್ಮವ್ವ ನಿಮ್ಮಂಗs ಅದಾಳ್ರಿ. ಎದುರಿಗೆ ಎಲ್ಲಾರ್ನೂ ನಗಿಸ್ತಾಳ. ಹಿತ್ತಲಕ ಹೋಗಿ ಅತ್ತು ಬರ್ತಾಳ. ಅದಕs ನಿಮ್ಮನ್ನ ಕೇಳಾಕ ಬಂದೆ."

ಅತ್ತೆ ಎದ್ದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಮ್ಯಾನೇಜರ್ ಗತ್ತಿನಲ್ಲಿ ಕ್ಯಾರವಾನಿನ ವಿಷಯ ತೆಗೆದೆ. ಹುಡುಗ ತನ್ನ ಬೈಕ್ ತೋರಿಸಿದ.

ಅತ್ತೆ ಪಾತ್ರ ಒಪ್ಪಿಕೊಂಡಳು. ಆಮೇಲಿನ ಒಂದು ತಿಂಗಳು ನಮ್ಮ ಮನೆಯಲ್ಲಿ ನಗುವಿಗೆ ಬರಗಾಲ. ಅತ್ತೆ ದಿನಾ ಬೆಳಗ್ಗೆ ಬಸ್ ಹತ್ತಿ ಸಂಡೂರಿಗೆ ಹೋಗಿ, ಟಿಪ್ಪರ್‌ಗಳು ಓಡಾಡುವ ರಸ್ತೆಯ ಪಕ್ಕದ ಚಹಾದಂಗಡಿಯಲ್ಲಿ ಕೂರುತ್ತಿದ್ದಳು. ಡ್ರೈವರ್‌ಗಳು ಗಾಡಿ ನಿಲ್ಲಿಸಿ, "ಅಕ್ಕಾ, ಒಂದ್ ಸಲ ಬಿದ್ದು ತೋರಿಸ್ರಿ!" ಎಂದು ಗಂಟು ಬೀಳುತ್ತಿದ್ದರು. ಇವಳು ಬೀಳುತ್ತಿರಲಿಲ್ಲ. ಸಂಜೆ ಕೂದಲಿನ ತುಂಬ ಕೆಂಪು ಧೂಳು ಹೊತ್ತು ಬರುವಳು. ಚಹಾದಂಗಡಿಯ ಹೆಂಗಸಿನ ಮಗನೂ ಲಾರಿ ಓಡಿಸುತ್ತಿದ್ದನಂತೆ. ಆಕೆ ಮಗನಿಗೆ ಬುತ್ತಿ ಕಟ್ಟುವಾಗ ಡಬ್ಬಿಯ ಮುಚ್ಚಳವನ್ನು ಮೊದಲು ಅಂಗೈಯಿಂದ ಒತ್ತಿ, ಸಾಲದು ಎಂದು ಮೊಣಕೈಯಿಂದ ಇನ್ನೊಮ್ಮೆ ಒತ್ತುವಳಂತೆ. ಅತ್ತೆ ಮನೆಗೆ ಬಂದು ನಮ್ಮ ಡಬ್ಬಿಗಳನ್ನೆಲ್ಲ ಹರಡಿಕೊಂಡು ಅಂಗೈ, ಮೊಣಕೈ, ಅಂಗೈ, ಮೊಣಕೈ. ಮೂರು ಡಬ್ಬಿ ನೆಗ್ಗಿದವು. ಅಮ್ಮ ಬೈದಳು. "ಇವು ಅಭಿನಯ ಕಲ್ಯಾಕತ್ಯಾವು, ಸುಮ್ನಿರs ವೈನಿ," ಎಂದಳು ಅತ್ತೆ. ಆ ತಿಂಗಳಲ್ಲಿ ಅವಳಾಡಿದ ತಮಾಷೆ ಅದೊಂದೇ.

ಟ್ರಯಲ್ ಶೂಟಿಂಗಿಗೆ ಇನ್ನೆರಡು ದಿನ. ಅತ್ತೆ ನನ್ನನ್ನು ಕರೆದಳು.

"ಬಾರಲೇ ಇಲ್ಲಿ. ಕುಂದ್ರು."

ನಾನು ಮಂಚದ ಮೇಲೆ ಕೂತೆ. ಅದೇ ಮಂಚ, ಅದೇ ಜಾಗ. ನನಗೆ ಎಲ್ಲ ಗೊತ್ತಿತ್ತು. ಇದು ನಗುವ ದೃಶ್ಯವಲ್ಲ ಎಂದು ಗೊತ್ತಿತ್ತು. ನಗಬಾರದೆಂದು ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡೇ ಕೂತಿದ್ದೆ.

ಅತ್ತೆ ಡಬ್ಬಿಯನ್ನು ನೋಡುತ್ತ ನಿಂತಳು. ಅಳಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಪೊಲೀಸನ ಕಡೆಗೆ, ಅಂದರೆ ನನ್ನ ಕಡೆಗೆ, ತಲೆಯೆತ್ತಿದಳು.

"ಮುಚ್ಚಳ ಎಲ್ಲೈತ್ರಿ?" ಎಂದಳು. "ಮುಂಜಾನೆ ಮುಚ್ಚಳ ಹಾಕೇ ಕೊಟ್ಟಿದ್ನೆಲ್ರಿ. ಸಣ್ಣದ್ರಿ, ಸ್ಟೀಲಿಂದು. ಹುಡುಕ್ರಿ, ಅಲ್ಲೇ ಬಿದ್ದಿರ್ತತಿ."

ಪಾತ್ರದ ಮಾತು ಇದು. ಮಗ ಹೋದನೆಂದು ತಲೆಗೆ ಇಳಿಯದ ತಾಯಿ ಮುಚ್ಚಳ ಕೇಳುತ್ತಿದ್ದಾಳೆ. ಈಗ ಈ ಸಾಲು ಬರೆದು, ಪೆನ್ನು ಕೆಳಗಿಟ್ಟು, ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದೆ. ಆದರೆ ಆವತ್ತು? ಆ ಮುಖ, ಆ ಮೂಗು, ಸ್ಟಿಕರಿನ ಆ ಕಣ್ಣು, ಬಟ್ಟಲು ಹಿಡಿದು ಸಕ್ಕರೆ ಕೇಳಿದ ಅದೇ ದನಿ ಈಗ ಮುಚ್ಚಳ ಕೇಳುತ್ತಿದೆ! ನನ್ನ ಮೂಗಿನಿಂದ ಸೀಟಿ ಹೊರಟಿತು. ಬಾಯಿ ಮುಚ್ಚಿಕೊಂಡೆ. ಬಿಕ್ಕಳಿಕೆ ಬಂತು. ಗೋಡೆಯ ಕಡೆ ತಿರುಗಿದೆ. ಅತ್ತೆ ನಿಲ್ಲಿಸಲಿಲ್ಲ, ಇನ್ನೂ ಒಂದು ಮಾತು ಹೇಳಿದಳು, ಅದು ನನಗೆ ಕೇಳಿಸಲಿಲ್ಲ. ಆಗಲೇ ನಾನು ಮಂಚದಿಂದ ಕೆಳಗೆ ಬಿದ್ದು ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದೆ.

ಅತ್ತೆ ನನ್ನನ್ನು ನೋಡುತ್ತ ನಿಂತಿದ್ದಳು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಭಾಳ ನಗಿ ಬಂತೇನು?" ಎಂದು ಮೆತ್ತಗೆ ಕೇಳಿದಳು.

"ಇಲ್ಲತ್ತೆ, ಇಲ್ಲ," ಎಂದೆ, ಬಿಕ್ಕಳಿಸುತ್ತ.

"ಬಿಡು. ನಿನ್ನ ನಗಿ ಎಂದೂ ತಪ್ಪಿಲ್ಲ."

ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟು ಬಂದು ಫೋನ್ ತೆಗೆದುಕೊಂಡಳು. ನಾನಿನ್ನೂ ನೆಲದ ಮೇಲೇ ಇದ್ದೆ. ಆ ನಿರ್ದೇಶಕನಿಗೆ ಹೇಳಿದಳು, ಎಷ್ಟು ಸಹಜವಾಗಿ ಹೇಳಿದಳೆಂದರೆ ಹಾಲಿನವನಿಗೆ ನಾಳೆ ಹಾಲು ಬೇಡವೆಂದ ಹಾಗಿತ್ತು. "ತಮ್ಮಾ, ನನ್ನಿಂದ ನಿನ್ನ ಸಿನಿಮಾ ಕೆಡ್ತತಿ. ನಾ ಬಂದು ನಿಂತ್ರ ಥೇಟರ್ ತುಂಬ ನಗ್ತಾರ. ಮಗ ಸತ್ತಿರ್ತಾನ, ಮಂದಿ ನಗ್ತಿರ್ತಾರ. ಬ್ಯಾಡಪ್ಪ. ಬ್ಯಾರೆ ಯಾರ್ನರ ನೋಡ್ಕೋ." ಆಚೆಯಿಂದ ಅವನು ಬೇಡಿಕೊಳ್ಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಅತ್ತೆ "ಹೂಂ, ಹೂಂ" ಎಂದು ಪೂರ್ತಿ ಕೇಳಿಸಿಕೊಂಡು, "ನಿಮ್ಮವ್ವನ್ನ ಕೇಳಿದ್ನಂತ ಹೇಳು," ಎಂದು ಇಟ್ಟುಬಿಟ್ಟಳು.

ಆಮೇಲೆ ನಾನು ಮಾಡಿದ ಪ್ರಯತ್ನಗಳಿಗೆ ಲೆಕ್ಕವಿಲ್ಲ. ನಿನ್ನ ಹಿಂದೆ ಗೋಡೆಯಿಂದ ಹಲ್ಲಿ ಬಿತ್ತು, ಅದಕ್ಕೆ ನಕ್ಕೆ ಎಂದೆ. "ಹಲ್ಲಿ ಬಿದ್ದಿದ್ರ ನಿನ್ನಕಿಂತ ಮೊದ್ಲು ನಾನೇ ಮಂಚ ಹತ್ತಿರ್ತಿದ್ದೆ," ಎಂದಳು. ನನ್ನ ಮೆದುಳಿಗೆ ಏನೋ ಆಗಿದೆ, ಡಾಕ್ಟರಿಗೆ ತೋರಿಸಬೇಕು ಎಂದೆ. "ಅದು ಇದ್ರಲ್ಲ ಏನರ ಆಗಾದು," ಎಂದಳು. ಅತ್ತೆಗೆ ಹೇಳದೆ ನಿರ್ದೇಶಕನಿಗೆ ಫೋನ್ ಮಾಡಿ, ಮ್ಯಾನೇಜರ್ ಆಗಿ ಹೇಳುತ್ತಿದ್ದೇನೆ, ಮೇಡಂ ಒಪ್ಪಿದ್ದಾರೆ ಎಂದೆ. ಅವನು ಖುಷಿಯಿಂದ ಓಡಿ ಬಂದ. ಅತ್ತೆ ಅವನಿಗೆ ಹೊಟ್ಟೆ ತುಂಬ ಒಗ್ಗರಣೆ ಮಂಡಕ್ಕಿ, ಬಜ್ಜಿ ಕೊಟ್ಟು, ಹತ್ತು ನಿಮಿಷ ನಗಿಸಿ, ಬರಿಗೈಯಲ್ಲಿ ಕಳಿಸಿದಳು. ಅವನು ಬೈಕ್ ಹತ್ತುವಾಗ ನನ್ನನ್ನು ಕೇಳಿದ: "ತಮ್ಮಾ, ಅವ್ರು ಮಾಡಿ ತೋರಿಸಿದ್ದು ನೀನು ನೋಡೀಯಂತಲ್ಲ. ಹೆಂಗಿತ್ತು?"

ನಾನು ಹೆಂಗಿತ್ತೆಂದು ಹೇಳಲಿ? ನಾನು ನೋಡಿರಲೇ ಇಲ್ಲ, ನಕ್ಕಿದ್ದೆ.

ಪಾತ್ರ ಮೈಸೂರು ಕಡೆಯ ಒಬ್ಬ ಹೆಸರಾಂತ ನಟಿಗೆ ಹೋಯಿತು. ಅತ್ತೆ ಹೊಸ ಧಾರಾವಾಹಿಯೊಂದರಲ್ಲಿ ದೆವ್ವಕ್ಕೆ ಹೆದರಿ ಓಡುವ ಅಡುಗೆಯವಳಾದಳು. ಆ ದೃಶ್ಯಗಳನ್ನೂ ನನಗೆ ಮಾಡಿ ತೋರಿಸಿದಳು. ನಾನು ನಗಬಾರದೆಂದು ತೀರ್ಮಾನಿಸಿ, ತುಟಿ ಬಿಗಿದು ಕೂತೆ. "ಚಲೋ ಇಲ್ಲೇನಲೇ?" ಎಂದು ಗಾಬರಿಯಾದಳು. ಆ ಮುಖ ನೋಡಲಾಗದೆ ಮತ್ತೆ ನಕ್ಕೆ. ಅಷ್ಟಕ್ಕೇ ಅವಳಿಗೆ ಸಮಾಧಾನ.

ಆ ಸಿನಿಮಾ ಹೊಸಪೇಟೆಗೆ ಬಂತು. ನಾನು ಆ ಥಿಯೇಟರಿನ ರಸ್ತೆಯಲ್ಲೇ ಓಡಾಡುವುದನ್ನು ಬಿಟ್ಟೆ. ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆಯೇ ಬಂದು ನಿಂತಳು. ಮುಖಕ್ಕೆ ಮಾಸ್ಕ್, ತಲೆಯ ಮೇಲೆ ಸೆರಗು, ನನ್ನ ಕೂಲಿಂಗ್ ಗ್ಲಾಸ್!

"ನಡಿ, ಸಿನಿಮಾ ನೋಡ್ಕೊಂಡು ಬರಾಣು."

"ಯಾವುದು?"

"ಯಾವುದಂತ ಗೊತ್ತಿದ್ದೂ ಕೇಳ್ಬ್ಯಾಡ."

ಗೇಟಿನಲ್ಲಿ ಟಿಕೆಟ್ ಹರಿಯುವವನು ಅವಳು ನಡೆದು ಬರುವ ಠೀವಿ ನೋಡಿಯೇ, "ಅಕ್ಕಾರ! ಸಕ್ರಿ ಒಳಗs ಕೊಡ್ತಾರ, ಬರ್ರಿ!" ಎಂದು ನಕ್ಕ. ಅತ್ತೆ ಮಾಸ್ಕ್ ಒಳಗಿನಿಂದಲೇ, "ಟೀಗೆ ಸಾಕಾಗಂಗ ಕೊಡ್ಸಪ್ಪ," ಎಂದು ಅವನ ಭುಜ ತಟ್ಟಿ ಒಳಗೆ ಹೋದಳು. ಇಪ್ಪತ್ತು ಮೂವತ್ತು ಜನ ಇದ್ದರು. ನಾವು ಹಿಂದಿನ ಸಾಲಿನ ಮೂಲೆಯಲ್ಲಿ ಕೂತೆವು. ಲೈಟ್ ಆರಿದ ಮೇಲೆ ಅತ್ತೆ ಮಾಸ್ಕ್ ತೆಗೆದಳು.

ಸಿನಿಮಾ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ಆ ನಟಿಯೂ ಚೆನ್ನಾಗಿ ಮಾಡಿದ್ದರು. ಬೆಳಗಿನ ದೃಶ್ಯದಲ್ಲಿ ಅವರು ಬುತ್ತಿ ಕಟ್ಟಿ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಮಗನ ಕೈಗೆ ಕೊಟ್ಟರು. ನನ್ನ ಪಕ್ಕದಲ್ಲಿ ಏನೋ ಅಲುಗಿತು. ತಿರುಗಿದೆ. ಅತ್ತೆಯ ಮಡಿಲಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನು ಅವಳು ಅಂಗೈಯಿಂದ ಒತ್ತಿ, ಆಮೇಲೆ ಮೊಣಕೈಯಿಂದ ಒತ್ತಿದಳು.

ಅಲ್ಲಿಂದ ಮುಂದೆ ನಾನು ಪರದೆಯ ಕಡೆ ನೋಡಲಿಲ್ಲ. ಲಾರಿ ಉರುಳಿದ್ದು ನನಗೆ ಸದ್ದಿನಿಂದಷ್ಟೇ ಗೊತ್ತಾಯಿತು. ಜನ "ಅಯ್ಯೋ" ಎಂದರು. ಬೂಟಿನ ಸದ್ದು, ಪೊಲೀಸನ ದನಿ. ಪರದೆಯ ಬೆಳಕು ಅತ್ತೆಯ ಮುಖದ ಮೇಲೆ ಬರುತ್ತಿತ್ತು, ಹೋಗುತ್ತಿತ್ತು. ಅವಳು ಮಡಿಲಿನ ಇಲ್ಲದ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿದಳು. ಪರದೆಯ ಹೆಂಗಸಿಗಿಂತ ಒಂದು ಉಸಿರು ಮೊದಲೇ ತಲೆಯೆತ್ತಿದಳು.

"ಮುಚ್ಚಳ ಎಲ್ಲೈತ್ರಿ?"

ತುಟಿ ಮಾತ್ರ ಆಡುತ್ತಿತ್ತು. ದನಿ ನನ್ನೊಬ್ಬನಿಗೆ ಕೇಳುವಷ್ಟು. "ಸಣ್ಣದ್ರಿ, ಸ್ಟೀಲಿಂದು. ಹುಡುಕ್ರಿ." ಅದೇ ಮೂಗು, ಅದೇ ಕಣ್ಣು, ಅದೇ ದನಿ. ಎದುರಿಗೆ ನಿಂತ ಪೊಲೀಸನನ್ನು ಬೇಡಿಕೊಳ್ಳುವ ಹಾಗೆ ಅವಳ ಕೈ ಮುಂದಿನ ಸೀಟಿನ ಬೆನ್ನನ್ನು ಹಿಡಿದಿತ್ತು.

ನನ್ನ ಮೂಗಿನಿಂದ ಸೀಟಿ ಬರಲಿಲ್ಲ. ಕೊರಳ ತನಕ ಕಣ್ಣೀರು ಇಳಿದದ್ದು ಅಂಗಿ ಒದ್ದೆಯಾದ ಮೇಲೆಯೇ ಗೊತ್ತಾದದ್ದು. ಅತ್ತೆ ಒಂದೇ ಒಂದು ಸಲ ತಿರುಗಿ ನನ್ನ ಮುಖ ನೋಡಲಿ, ಇದನ್ನೂ ನಂಬಲಿ ಎಂದು ಕಾದೆ. ಅವಳ ತೋಳು ಮುಟ್ಟಿದೆ ಕೂಡ.

ಅತ್ತೆ ತಿರುಗಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ತೋಳಿನಿಂದ ಸರಿಸಿದಳು. ಆ ತಾಯಿಯದು ಇನ್ನೂ ಒಂದು ಮಾತು ಬಾಕಿ ಇತ್ತು, ಅದನ್ನು ಹೇಳಬೇಕಾಗಿತ್ತು.

"ಜಲ್ದಿ ಹುಡುಕ್ರಿ," ಎಂದಳು, "ಅನ್ನ ಆರ್ತತಿ."